ಅತ್ತೆ ಮುಚ್ಚಿದ ನೀರು

ನೇಕಾರರ ಮನೆಯಲ್ಲಿ ತೂತಿಗಿಂತ ದೊಡ್ಡ ಶತ್ರುವಿಲ್ಲ. ಎಡಪ್ಪಾಡಿಗೆ ಸೊಸೆಯಾಗಿ ಬಂದ ಸಪ್ಪಲಮ್ಮ ದಿಂಬಿಗೆ ಗುಂಡುಸೂಜಿ ಚುಚ್ಚಿಕೊಂಡು ಲೇಸು ಹೆಣೆಯಲು ಕೂತಾಗಲೆಲ್ಲ ಬೀದಿಯವರು, ಗಂಡ ನೆಯ್ತಾನೆ ಹೆಂಡತಿ ಹರೀತಾಳೆ ಎಂದು ನಕ್ಕು ಹೋಗುತ್ತಿದ್ದರು.

ಅವರಿಗೆಲ್ಲ ಮುನಿಲಕ್ಷ್ಮಮ್ಮನ ಮಾತು ಹೇಳಿ ಹೇಳಿ ಸಪ್ಪಲಮ್ಮನ ನಾಲಗೆ ಸವೆದಿತ್ತು. ಸೇಲಂನ ಲೇಸು ತರಗತಿಯಲ್ಲಿ ಅವಳಿಗೆ ಕಲಿಸಿದಾಕೆ. ದೊರೆಸಾನಿಯರ ಮೇಜಿಗೆ ಅಂಚು ಕಟ್ಟುವುದಕ್ಕೇ ನಾವು ಹುಟ್ಟಿದ್ದಾ ಎಂದು ಕೇಳಿ, ಸೀಮೆ ಗುಲಾಬಿಯ ನಮೂನೆಗಳನ್ನು ಆಚೆ ತಳ್ಳಿ, ಸಜ್ಜೆತೆನೆಯನ್ನೂ ಹುಣಸೆ ಎಲೆಯನ್ನೂ ಲೇಸಿಗಿಳಿಸಿದ ಮೊದಲಿಗಳು. ದಾರ ಬರೀ ಬೇಲಿ, ಚಿತ್ರವಿರುವುದು ತೂತಿನಲ್ಲಿ ಎನ್ನುತ್ತಿದ್ದಳು. ಆಕೆಯ ದಾರಿ ಹಿಡಿದು ಸಪ್ಪಲಮ್ಮ ಹೊಗೆನಕಲ್ ಧಾರೆಯನ್ನು ಸೆರಗಿನಗಲಕ್ಕೆ ಹೆಣೆದಿದ್ದಳು. ಬಂಡೆ ದಾರದ್ದು, ನೀರು ತೂತಿನದು. ಸೇಲಂ ವಸ್ತುಪ್ರದರ್ಶನಕ್ಕೆ ಕೊಡಲು ಅಂದೇ ಕಡೆಯ ದಿನ. ಹೆಣೆದವಳ ಹೆಸರು ಬರೆದು ಗೋಡೆಗೆ ತೂಗುಹಾಕುತ್ತಾರಂತೆ. ಅದುವರೆಗೆ ಅವಳ ಕೈಕೆಲಸವೆಲ್ಲ ಹೆಸರಿಲ್ಲದೆ ಹಡಗು ಹತ್ತಿತ್ತು.

ಆ ದಿನ ಬೆಳಿಗ್ಗೆ ಗಂಟು ಬಿಚ್ಚಿದರೆ ಲೇಸಿನಲ್ಲಿ ನೀರೇ ಇಲ್ಲ. ಅತ್ತೆ ಸೊಣ್ಣಮ್ಮ ಸೂಜಿಯಲ್ಲೇ ಹಾಸುಹೊಕ್ಕು ಎಳೆದು ಇಡೀ ಧಾರೆಯನ್ನು ಮುಚ್ಚಿಬಿಟ್ಟಿದ್ದಳು.

“ಯಾಕತ್ತೆ ಇಂಗ್ ಮಾಡಿದ್ರಿ?”

“ನಾಕ್ ಜನ ನೋಡ್ತಾರೆ. ನಮ್ಮನೆ ಬಟ್ಟೆ ತೂತು, ಓಟ್ಟೆ ಅಂದ್ರೆ ಮಾನ ಉಳೀತೈತಾ? ಮುಚ್ಚಿವ್ನಿ, ಚುಮ್ಮಾ ತಕ್ಕೊಂಡೋಗು.”

ಈಗ ಉಟ್ಟುಕೊಳ್ಳಲೂಬಹುದು ಎಂದ ಗಂಡ ಪೆರುಮಾಳ್, ಹೆಂಡತಿ ತಿರುಗಿ ನೋಡಿದ್ದೇ ತಡ, ಲಾಳಿಗೆ ಕೈ ಹಾಕಿದ.

ಸಪ್ಪಲಮ್ಮ ಕತ್ತರಿ ಹಿಡಿದಳು. ಯಾವ ಎಳೆ ತನ್ನದು, ಯಾವುದು ಅತ್ತೆಯದು? ತಿಳಿಯಲೇ ಇಲ್ಲ. ನೂಲು ಕೊಟ್ಟು ನೇಯಿಸುವ ಸಾಹುಕಾರ ಬಟ್ಟೆಯನ್ನು ಬೆಳಕಿಗೆ ಹಿಡಿದು, ಒಂದು ತೂತು ಕಂಡರೂ ಮುಖಕ್ಕೆ ಎಸೆಯುತ್ತಿದ್ದ. ಆ ಭಯದಲ್ಲಿ ಪಳಗಿದ ಕೈ ಅತ್ತೆಯದು. ಅವನಿದ್ದದ್ದು ಬೀದಿಯಾಚೆ. ಕಣ್ಣು ಮಾತ್ರ ಈ ಮನೆಯೊಳಗೇ ಬೀಡುಬಿಟ್ಟಿತ್ತು.

“ಮುಚ್ಚಿದೋರೇ ಬಿಚ್ಚಬೇಕು. ಎದ್ದೇಳಿ ಅತ್ತೆ.”

ಸೇಲಂಗೆ ಹೊರಟ ಮೋಟಾರು ಶಂಕಗಿರಿ ದಾರಿಯುದ್ದಕ್ಕೂ ಕುಲುಕುತ್ತಿತ್ತು. ಇಬ್ಬರ ತೊಡೆಗೂ ಲೇಸು ಹರಡಿತ್ತು. ಸೊಣ್ಣಮ್ಮ ಸೂಜಿಮೊನೆಯಿಂದ ಒಂದೊಂದೇ ಎಳೆ ಕೀಳುತ್ತ, ಪ್ರತಿ ಸಲವೂ ಕೇಳುತ್ತಿದ್ದಳು.

“ಇದೂ ಬಿಚ್ಲಾ?”

“ಬಿಚ್ಚಿ.”

“ಇಷ್ಟೊಂದ್ ಓಟ್ಟೆ ಯಾಕಲೇ, ಒಂದೆರಡು ಸಾಲ್ದಾ?”

ಸಪ್ಪಲಮ್ಮ ಸೂಜಿ ಹಿಡಿದ ಅತ್ತೆಯ ಕೈಯನ್ನು ಮತ್ತೆ ಲೇಸಿನ ಮೇಲೆ ಎಳೆದಿಟ್ಟಳು.

ಸೇಲಂ ತಲುಪಿದಾಗ ಧಾರೆ ಅರ್ಧ ಬಂಡೆಯವರೆಗೆ ಇಳಿದಿತ್ತು. ಪ್ರದರ್ಶನದ ಗುಮಾಸ್ತ ಅದನ್ನು ಬೆಳಕಿಗೆ ಹಿಡಿದ. ಸೊಣ್ಣಮ್ಮನ ಮುಖ ಬಿಳಿಚಿಕೊಂಡಿತು.

“ಸಾಮಿ, ಬಟ್ಟೆ ಅರ್ದಿಲ್ಲ. ಬೇಕೂಂತ್ಲೇ ಬಿಟ್ಟಿರಾದು,” ಎಂದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಅವಳು ಸೊಣ್ಣಮ್ಮನೇ ಅಲ್ಲ. “ಕೆಳಗಡೇದು ನಾನು ಮುಚ್ಚಿದ್ದು. ಅದೇ ಅಲ್ವಾ ಸಂದಾಕಿರಾದು?”

ಸಪ್ಪಲಮ್ಮ ಹಣೆ ಚಚ್ಚಿಕೊಂಡಳು. ಬಾಗಿಲು ಹಾಕುವ ಹೊತ್ತಾಯಿತು, ಹೀಗೇ ಕೊಟ್ಟು ಹೋಗಿ ಎಂದ ಗುಮಾಸ್ತ. ಅವಳು ಅವನ ಕೈಯಿಂದ ಲೇಸು ಕಿತ್ತುಕೊಂಡು ಅತ್ತೆಯ ಮಡಿಲಿಗೆ ಹಾಕಿದಳು. ಮಿಕ್ಕ ನೀರು ಬಿಚ್ಚುವ ತನಕ ಯಾವ ಬಾಗಿಲು ಹಾಕುತ್ತಾರೋ ನೋಡೇಬಿಡೋಣವೆಂದು ಹೊಸ್ತಿಲಿಗೆ ಅಡ್ಡಲಾಗಿ ಕೂತೇಬಿಟ್ಟಳು.