ಅಪ್ಪ ಕಾಲೇಜಿಗೆ ಹೋದದ್ದು

ಮಗಳ ತಲೆಗೆ ಸೋಪು ಹಚ್ಚಿ, ನೊರೆ ಕಣ್ಣಿಗಿಳಿಯದಂತೆ ಹಣೆಗೆ ಅಂಗೈ ಅಡ್ಡ ಹಿಡಿದು, ಇನ್ನೇನು ಚೊಂಬಿನಲ್ಲಿ ನೀರು ಮೊಗೆಯಬೇಕು ಅನ್ನುವಷ್ಟರಲ್ಲಿ ಯಾರೋ ಬಾಗಿಲು ಬಡಿದರು.

"ಕಣ್ಣು ಬಿಡಬೇಡ, ಈಗ ಬಂದೆ," ಎಂದು ತಾಯಿ ಕೈ ಒರೆಸಿಕೊಳ್ಳುತ್ತಾ ಎದ್ದಳು.

ಬಾಗಿಲಲ್ಲಿ ವಿಶ್ವವಿದ್ಯಾಲಯದ ಸಮುದಾಯ ವಿಭಾಗದ ಮೇಡಂ ನಿಂತಿದ್ದರು. ಕ್ಯಾಂಪಸ್ಸಿನ ಹಿಂಬದಿಯ ಈ ಕೆಲಸಗಾರರ ಕ್ವಾರ್ಟರ್ಸಿಗೆ ಅವರು ಬರುವುದೇ ಅಪರೂಪ. ಅವಳಿಗೆ ಲಾಂಡ್ರಿಯಲ್ಲಿ ಕೆಲಸವನ್ನೂ ತಲೆಯ ಮೇಲೊಂದು ಸೂರನ್ನೂ ಕೊಡಿಸಿದವರು ಅವರೇ. ಅವರನ್ನು ಕಂಡರೆ ಸಾಕು, ಇಲ್ಲ ಅನ್ನುವ ಮಾತೇ ಅವಳ ಬಾಯಿಗೆ ಬರುತ್ತಿರಲಿಲ್ಲ.

"ಕಣ್ಣಿನ ಶಿಬಿರ ಮುಗೀತು, ಪಕ್ಕದ ಶಾಲೆಗೆ ಬಣ್ಣ ಹೊಡೆಸಿದ್ದೂ ಆಯ್ತು," ಎಂದರು ಮೇಡಂ, ನಿಂತಲ್ಲಿಂದಲೇ. "ಶುಕ್ರವಾರ ದೇಹದಾನಿಗಳ ಸ್ಮರಣೆ. ಸುತ್ತಮುತ್ತಲ ಮನೆಯವರನ್ನೆಲ್ಲ ಕರೆದಿದೀವಿ. ನಿಮ್ಮ ಯಜಮಾನರ ಪರವಾಗಿ ಪುಟ್ಟಿ ವೇದಿಕೆಗೆ ಬಂದು ಒಂದು ಗಿಡ ತಗೊಳ್ಳಲಿ. ನಮ್ಮ ಕ್ಯಾಂಪಸ್ ಪತ್ರಿಕೆಗೆ ಒಂದು ಫೋಟೊ ಆಗುತ್ತೆ."

ತಾಯಿ ದನಿ ತಗ್ಗಿಸಿದಳು. "ಅವಳಿಗೆ ಗೊತ್ತಿಲ್ಲ ಮೇಡಂ."

"ಏನು ಗೊತ್ತಿಲ್ಲ?"

"ಅವರಪ್ಪ ಇಲ್ಲ ಅನ್ನೋದು."

ಮೇಡಂ ಮುಖ ಒಂದು ಗಳಿಗೆ ಬಿಗಿಯಾಯಿತು. ಅಷ್ಟರಲ್ಲಿ ಬಚ್ಚಲಿನಿಂದ ಕೂಗು ಬಂತು: "ಅಮ್ಮಾ, ಕಣ್ಣು ಉರೀತಿದೆ, ಬೇಗ ಬಾ."

"ಸಾವು ಅನ್ನೋ ಮಾತನ್ನೇ ನಾವು ಎತ್ತಲ್ಲ," ಎಂದರು ಮೇಡಂ. "ದಾನಿಗಳನ್ನ ಮೊದಲ ಗುರುಗಳು ಅಂತಲೇ ಹೇಳೋದು. ಮಗು ನಗ್ತಾ ಗಿಡ ಹಿಡ್ಕೊಂಡ್ರೆ ಮುಗೀತು. ಮಕ್ಕಳಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ, ಹೇಳಿ?"

"ಅಮ್ಮಾ!"

"ಆಯ್ತು ಮೇಡಂ," ಎಂದುಬಿಟ್ಟಳು ತಾಯಿ. ಬಚ್ಚಲಿಗೆ ಓಡಿ ಮಗಳ ಮುಖಕ್ಕೆ ತಣ್ಣೀರು ಎರಚುವಾಗಲೇ ತಾನು ಏನಕ್ಕೆ ಒಪ್ಪಿಕೊಂಡೆ ಎಂಬುದು ಹೊಳೆದದ್ದು.

ಅವಳ ಗಂಡ ವೆಲ್ಡಿಂಗ್ ಕೆಲಸದವನು. ಈ ಕ್ಯಾಂಪಸ್ಸಿನ ಕಿಟಕಿ ಸರಳುಗಳಲ್ಲಿ ಅರ್ಧ ಅವನು ಬೆಸೆದವೇ. ಆಗ ಇಲ್ಲಿ ದೇಹದಾನದ ಶಿಬಿರ ನಡೆದಿತ್ತು. ಅವನೂ ಹೋಗಿ ಸಹಿ ಹಾಕಿ ಬಂದು, "ಬದುಕಿದ್ದಾಗಂತೂ ಕಾಲೇಜು ಮೆಟ್ಟಿಲು ಹತ್ತಲಿಲ್ಲ, ಸತ್ತ ಮೇಲಾದ್ರೂ ಹತ್ತೋಣ ಬಿಡೆ," ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಗಟ್ಟಿಮುಟ್ಟಾದ ಆಳು ಅಷ್ಟು ಬೇಗ ಹೋಗಿಬಿಡುತ್ತಾನೆಂದು ಯಾರು ಕಂಡಿದ್ದರು? ಜ್ವರ ಎಂದು ಆಸ್ಪತ್ರೆ ಸೇರಿದವನು ಮರಳಲಿಲ್ಲ. ಮಗಳು ಆಗ ಚಿಕ್ಕಮ್ಮನ ಮನೆಯಲ್ಲಿದ್ದಳು. ಆಸ್ಪತ್ರೆಯ ಹಿಂಬಾಗಿಲಿಗೆ ಕಾಲೇಜಿನ ವ್ಯಾನು ಬಂತು, ಅವನನ್ನು ಅಲ್ಲಿಂದಲೇ ಕರೆದೊಯ್ದಿತು. ಮನೆಗೆ ಹೆಣ ಬರಲಿಲ್ಲ, ನಾಲ್ಕು ಜನ ಸೇರಲಿಲ್ಲ, ಅಂಗಳದಲ್ಲಿ ಯಾರೂ ಗೋಳಾಡಲಿಲ್ಲ. ವಾಪಸು ಬಂದ ಮಗಳು ಖಾಲಿ ಮಂಚ ನೋಡಿ, "ಅಪ್ಪ ಎಲ್ಲಿ?" ಎಂದಾಗ, ಅವಳ ಬಾಯಿಂದ ಬಂದದ್ದು ಒಂದೇ ಮಾತು: "ದೊಡ್ಡ ಕಾಲೇಜಿಗೆ ಹೋಗಿದಾರೆ ಕಂದ. ಡಾಕ್ಟರಾಗೋ ಮಕ್ಕಳಿಗೆ ಕಲಿಸೋಕೆ."

ನಾಳೆ ಹೇಳಿದರಾಯಿತು ಎಂದುಕೊಂಡಿದ್ದಳು. ಆ ನಾಳೆ ಮುಂದೆ ಮುಂದೆ ಹೋಗಿ, ಹಳೆಯ ಬೀದಿ ಬಿಟ್ಟು ಕ್ವಾರ್ಟರ್ಸಿಗೆ ಬಂದು, ಇಲ್ಲಿಯ ಜನರಿಗೆ ಹಳೆಯದೇನೂ ತಿಳಿಯದೆ, ಸುಳ್ಳು ಮನೆಯ ಸಾಮಾನಿನಂತೆ ಒಂದು ಮೂಲೆಯಲ್ಲಿ ಕೂತುಬಿಟ್ಟಿತ್ತು.

ಆ ದಿನ ಲಾಂಡ್ರಿಯಲ್ಲಿ ಕೆಲಸದ ನಡುವೆ ಇಸ್ತ್ರಿ ಅಜ್ಜಿಗೆ ಎಲ್ಲವನ್ನೂ ಹೇಳಿಕೊಂಡಳು. ಅಜ್ಜಿ, ದಾನ ಬಂದ ದೇಹಗಳನ್ನು ಕೊಯ್ದು ಕಲಿಸುವ ಅನಾಟಮಿ ವಿಭಾಗದ ಬಿಳಿ ಕೋಟುಗಳನ್ನು ಬೇರೆ ತೊಟ್ಟಿಯಲ್ಲಿ ನೆನೆಹಾಕುತ್ತಿದ್ದಳು. ಆ ಗಂಟು ಬಿಚ್ಚಿದರೆ ಸಾಕು, ಔಷಧಿಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ತಾಯಿ ಕೆಲಸಕ್ಕೆ ಸೇರಿದಾಗಿನಿಂದ ಅಜ್ಜಿ ಆ ಗಂಟನ್ನು ಮುಟ್ಟಲು ಬಿಟ್ಟವಳಲ್ಲ. "ನಿನ್ನ ಕೈಗೆ ಬಟ್ಟೆ ಬೆಳ್ಳಗಾಗಲ್ಲ, ಆ ಕಡೆ ಹೋಗು," ಎಂದು ಗದರುತ್ತಿದ್ದಳು. ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಅಜ್ಜಿಯ ಗಂಡನೂ, ಗೇಟಿನಲ್ಲಿ ಕಾವಲಿದ್ದ ತಾತ, ಹೋದ ಬೇಸಿಗೆಯಲ್ಲಿ ತೀರಿಕೊಂಡು, ಮಗುವಿನ ಅಪ್ಪನಿದ್ದ ಅನಾಟಮಿ ಕಟ್ಟಡವನ್ನೇ ಸೇರಿದ್ದ.

"ಎಷ್ಟು ದಿನ ಅಂತ ಬಟ್ಟೆ ಮುಚ್ಚಿ ಇಡ್ತೀಯೆ?" ಎಂದಳು ಅಜ್ಜಿ. "ಅಲ್ಲಿ ಯಾರೋ ಬಾಯಿ ಜಾರಿ ಅಂದುಬಿಟ್ರೆ? ತಾಯಿ ಬಾಯಲ್ಲಿ ಕೇಳಿದ್ರೆ ಮಗು ಅಳುತ್ತೆ. ಬೇರೆಯವರ ಬಾಯಲ್ಲಿ ಕೇಳಿದ್ರೆ ತಾಯೀನೇ ನಂಬೋದು ಬಿಡುತ್ತೆ."

"ಹೇಗೆ ಶುರು ಮಾಡಲಿ ಅಜ್ಜಿ?"

"ಅಪ್ಪ ಸತ್ತುಹೋದ್ರು ಅಂತ. ಅದಕ್ಕೆ ಬೇರೆ ಪೀಠಿಕೆ ಬೇಕಾ? ನನ್ನ ಮುದುಕ ಹೋದಾಗ ನಿನ್ನ ಕೂಸು ನನ್ನ ಪಕ್ಕದಲ್ಲೇ ಕೂತಿತ್ತು. ತಾತ ಇನ್ನು ಏಳಲ್ವಾ ಅಂತು. ಏಳಲ್ಲ ಅಂದೆ. ಹಂಗಾರೆ ಅವರ ಸೀಟಿ ನಂಗೆ ಕೊಡ್ತೀಯಾ ಅಂತು. ಅಷ್ಟೇ ಕಣೆ."

ಸಂಜೆ ಊಟಕ್ಕೆ ಕೂತಾಗ ಹೇಳಲೇಬೇಕೆಂದು ತಾಯಿ ಗಟ್ಟಿಮನಸ್ಸು ಮಾಡಿದಳು. ಮಗಳು ಒಂದೇ ಕಡೆಯಿಂದ ಅಗಿಯುತ್ತಿದ್ದಳು. ಮುಂದಿನ ಹಲ್ಲೊಂದು ದಾರದಷ್ಟರಲ್ಲಿ ನೇತಾಡುತ್ತಿತ್ತು.

"ಬಾ, ಕಿತ್ತುಬಿಡ್ತೀನಿ. ಒಂದು ಚೂರೂ ನೋವಾಗಲ್ಲ."

"ಬೇಡ." ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಪ್ಪ ಬಂದ ಮೇಲೆ. ಅಲ್ಲೀ ತನಕ ನಾನೇ ಹಿಡ್ಕೊಂಡಿರ್ತೀನಿ."

ತಾಯಿ ತಟ್ಟೆ ಎತ್ತಿಕೊಂಡು ಎದ್ದಳು. ಪಾತ್ರೆ ತೊಳೆದ ಮೇಲೆ ಹೇಳೋಣ ಎಂದುಕೊಂಡಳು. ತೊಳೆದು ಬರುವಷ್ಟರಲ್ಲಿ ಮಗಳು ನಿದ್ದೆಹೋಗಿದ್ದಳು. ಮರುದಿನ ಶಾಲೆಯ ಗಡಿಬಿಡಿ, ಅದರ ಮರುದಿನ ಅವಳದೇ ಅಂಜಿಕೆ. ಹೀಗೆ ಶುಕ್ರವಾರ ಬಂದೇ ಬಂತು.

ಸಭಾಂಗಣ ತುಂಬಿತ್ತು. ಹೊಸ ಪೇಂಟಿನ ವಾಸನೆ, ಸಾಲು ಸಾಲು ಬಿಳಿ ಕೋಟುಗಳು, ಹಿಂದೆ ಸುತ್ತಲಿನ ಬೀದಿಗಳ ಜನ. ಮೇಡಂ ಮಾತು ಉಳಿಸಿಕೊಂಡರು. ಕುಲಪತಿಗಳಿಂದ ಹಿಡಿದು ವಿದ್ಯಾರ್ಥಿಗಳವರೆಗೆ ಎಲ್ಲರೂ "ನಮ್ಮ ಮೊದಲ ಗುರುಗಳು" ಎಂದರೇ ಹೊರತು ಬೇರೆ ಮಾತೆತ್ತಲಿಲ್ಲ. ಒಂದೊಂದು ಭಾಷಣ ಮುಗಿದಂತೆಯೂ ತಾಯಿಯ ಹಿಡಿದಿಟ್ಟ ಉಸಿರು ಒಂದಿಷ್ಟು ಸಡಿಲವಾಗುತ್ತಿತ್ತು. ಮಗಳಂತೂ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಇಷ್ಟೊಂದು ಜನ ಹೊಗಳುತ್ತಿರುವುದು ತನ್ನ ಅಪ್ಪನನ್ನು.

ಹೆಸರು ಕರೆದರು. ಮಗಳು ಮೆಟ್ಟಿಲು ಹತ್ತಿ ಹೋದಳು. ಬಿಳಿ ಕೋಟಿನ ಹುಡುಗಿಯೊಬ್ಬಳು ಬಗ್ಗಿ ಪುಟ್ಟ ಕುಂಡ ಕೊಟ್ಟಳು. ಮೈಕು ಅಲ್ಲೇ, ಮಗುವಿನ ಎತ್ತರಕ್ಕೆ ಇಳಿದಿತ್ತು.

"ಅಕ್ಕ," ಎಂದಳು ಮಗಳು. ಅವಳ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು. "ನಮ್ಮಪ್ಪಂಗೆ ಬೇಗ ಪಾಠ ಮುಗಿಸೋಕೆ ಹೇಳಿ. ನನ್ನ ಹಲ್ಲು ಬೀಳೋ ಹಾಗಿದೆ."

ಆ ಹುಡುಗಿ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು ಕೋಟಿನ ಜೇಬಿಗೆ ತುರುಕಿಕೊಂಡಳು. ಅಳು ಒತ್ತರಿಸಿ ಬಂದು ಬೆನ್ನು ತಿರುಗಿಸಿದಳು. ಮೇಡಂ ಕೆಳಗಿನಿಂದ ಗಟ್ಟಿಯಾಗಿ ಚಪ್ಪಾಳೆ ಶುರುಮಾಡಿದರು. ಎಲ್ಲರೂ ತಟ್ಟಿದರು. ತಟ್ಟುತ್ತಲೇ ಕಣ್ಣೊರೆಸಿಕೊಂಡರು.

ಮಗಳು ಆ ಹುಡುಗಿ ತಿರುಗಿದ ಕಡೆಗೇ ತಿರುಗಿದಳು. ವೇದಿಕೆಯ ಹಿಂದೆ ದೊಡ್ಡ ಪರದೆಯ ಮೇಲೆ ಫೋಟೊಗಳು ಒಂದಾದ ಮೇಲೊಂದು ಬರುತ್ತಿದ್ದವು. ಗೊತ್ತಿಲ್ಲದ ಮುದುಕಿ. ಗೊತ್ತಿಲ್ಲದ ಮೇಷ್ಟ್ರು. ಆಮೇಲೆ ಟೋಪಿ ಹಾಕಿದ ಗೇಟಿನ ತಾತ. ತಾತನ ಹಿಂದೆಯೇ ಅಪ್ಪ.

ಮೇಡಂ "ಬಾ ಪುಟ್ಟಿ, ಕೆಳಗೆ ಬಾ," ಎಂದು ಕರೆದರೂ ಅವಳು ಕದಲಲಿಲ್ಲ. ಫೋಟೊಗಳು ಸುತ್ತಿ ಮತ್ತೆ ತಾತ ಬರುವವರೆಗೆ, ಮತ್ತೆ ಅಪ್ಪ ಬರುವವರೆಗೆ ನಿಂತಿದ್ದಳು. ಆಮೇಲೆ ತಾನೇ ಇಳಿದು ಬಂದು ತಾಯಿಯ ಪಕ್ಕ ಕೂತಳು. ಕ್ಯಾಮೆರಾದವನು ನಗಿಸಲು ನೋಡಿದ. ಅವಳು ಅವನತ್ತ ತಿರುಗಲಿಲ್ಲ.

ಮನೆಗೆ ಹೋಗುವಾಗ ತಾಯಿ ಕುಂಡವನ್ನು ತಾನು ಹಿಡಿಯುತ್ತೇನೆ ಎಂದಳು. ಮಗಳು ಕೊಡಲಿಲ್ಲ. ಹಾಸ್ಟೆಲ್ ದಾಟಿದರು, ಲಾಂಡ್ರಿ ದಾಟಿದರು. ತಂತಿಯ ಮೇಲೆ ಬಟ್ಟೆಗಳು ಬಿಸಿಲಿಗೆ ಬಿರುಸಾಗಿ ನಿಂತಿದ್ದವು. ಅನಾಟಮಿ ಕಟ್ಟಡದ ಮುಂದೆ ಬಂದಾಗ ತಾಯಿಯ ಹೆಜ್ಜೆ ತಾನಾಗಿ ಚುರುಕಾಯಿತು. ಮಗಳು ಅಲ್ಲೇ ನಿಂತಳು.

ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದುಕೊಂಡಳು ತಾಯಿ. ಅಪ್ಪ ಒಳಗಿದ್ದಾರಾ ಎಂದು ಕೇಳಬಹುದು, ಅವರನ್ನು ಏನು ಮಾಡಿದರು ಎಂದು ಕೇಳಬಹುದು. ಅಡ್ಡಾದಿಡ್ಡಿ ಉತ್ತರಗಳನ್ನು ಹುಡುಕುತ್ತಾ ಅವಳು ಮಗಳ ಎದುರು ಮೊಣಕಾಲೂರಿ ಕೂತಳು.

ಮಗಳು ಅಳುತ್ತಿರಲಿಲ್ಲ. ಕುಂಡವನ್ನು ನೆಲಕ್ಕಿಟ್ಟಳು. ಸುತ್ತ ಯಾರಾದರೂ ಇದ್ದಾರಾ ನೋಡಿದಳು. ದೊಡ್ಡವರು ಕೆಟ್ಟ ಸುದ್ದಿ ಹೇಳುವಾಗ ಮಾಡುವಂತೆ ತಾಯಿಯ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟು, ಕಿವಿಯ ಹತ್ತಿರ ಬಾಗಿ ಕೇಳಿದಳು:

"ಅಮ್ಮ, ಅಪ್ಪ ಸತ್ತುಹೋಗಿದಾರೆ ಅಂತ ನಿಂಗೆ ಗೊತ್ತಿತ್ತಾ?"