ಅಪ್ಪ ಕಂಡುಹಿಡಿದ ಐಸ್‌ಕ್ರೀಮ್

ನಮ್ಮ ಐಸ್‌ಕ್ರೀಮ್ ಅಂಗಡಿಗೆ ಐವತ್ತು ತುಂಬಿತೆಂದು ಅಪ್ಪ ಗೋಡೆಯ ಮೇಲೆ ಅದರ ಚರಿತ್ರೆ ಬರೆಸಿದ. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ದಿನ ಅವನ ಕೈತಪ್ಪಿ ಹಾಲಿನ ಡಬ್ಬಿಗೆ ಹಿಡಿ ಉಪ್ಪು ಬಿತ್ತಂತೆ, ಹಾಲು ಗಟ್ಟಿಯಾಯಿತಂತೆ, ಊರೆಲ್ಲ ಬಾಯಿ ಚಪ್ಪರಿಸಿತಂತೆ. ಅಮ್ಮನ ಸುದ್ದಿ ಕೊನೆಯ ಸಾಲಿನಲ್ಲಿತ್ತು: 'ಈ ಯಶಸ್ಸಿಗೆ ನಗುಮೊಗದ ಮಡದಿಯ ಬೆಂಬಲವೂ ಉಂಟು.'

ನಗುಮೊಗವಂತೆ! ಹಿಂದಿನ ಕೋಣೆಯಲ್ಲಿ ಐಸ್ ಕುಟ್ಟಿ, ಮರದ ತೊಟ್ಟಿಗೆ ತುಂಬಿ, ಆ ಐಸಿಗೆ ಉಪ್ಪು ಬೆರೆಸಿ, ನಡುವೆ ಹಾಲಿನ ಡಬ್ಬಿ ಇಟ್ಟು ಹಿಡಿಕೆ ತಿರುಗಿಸಿ ತಿರುಗಿಸಿ ಹೈರಾಣಾದವಳ ಮುಖದಲ್ಲಿ ನಗು ಕಂಡವರು ಯಾರು? ಯಂತ್ರ ಬರುವವರೆಗೂ ಈ ಅಂಗಡಿಯ ಒಂದೊಂದು ಚಮಚ ಐಸ್‌ಕ್ರೀಮೂ ಅವಳ ಕೈಯದು. ಅಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಕದಲಿದವನಲ್ಲ. ಹಿಂದಿನ ಕೋಣೆ ಥಂಡಿ, ಅವನಿಗೆ ನೆಗಡಿಯಾಗುತ್ತಿತ್ತು. ಗಿರಾಕಿಗಳ ಮುಂದೆ ಉಪ್ಪಿನ ಕಥೆ ಹೊಡೆದೂ ಹೊಡೆದೂ ಕೊನೆಗೆ ತಾನೇ ಅದನ್ನು ನಂಬಿಬಿಟ್ಟಿದ್ದ.

"ಅಮ್ಮಾ, ಇದನ್ನ ಅಳಿಸಿಬಿಡ್ತೀನಿ," ಎಂದೆ.

"ಬಿಡೇ, ಯಾಕೆ ರಗಳೆ. ನನ್ನ ಹೆಸರೂ ಹಾಕ್ಸಿ ಅಂತ ಒಂದ್ಸಲ ಬಾಯಿಬಿಟ್ಟು ಕೇಳ್ದೆ. ಜಾಗ ಇಲ್ಲ ಅಂದ್ರು."

ಬೀದಿ ಬಾಗಿಲಿಂದ ಹಿತ್ತಿಲವರೆಗೆ ಹಬ್ಬಿದ ಗೋಡೆ. ಅದರಲ್ಲಿ ಜಾಗ ಇಲ್ಲವಂತೆ! ಅವಳು ಜೀವನದಲ್ಲಿ ಕೇಳಿದ್ದೇ ಅದೊಂದು.

ಸಮಾರಂಭದ ದಿನ ಹಳೆಯ ತೊಟ್ಟಿಯನ್ನು ಅಟ್ಟದಿಂದ ಇಳಿಸಿ, ತೊಳೆದು, ವೇದಿಕೆಗೆ ತಂದರು. ಅಪ್ಪ ಎಲ್ಲರೆದುರು ಐಸ್‌ಕ್ರೀಮ್ ಮಾಡಿ ತೋರಿಸುವುದೆಂದು ನಿಗದಿಯಾಗಿತ್ತು. ಅಂಗಿಗೆ ಮೈಕು ಸಿಕ್ಕಿಸಿಕೊಂಡು ಡಬ್ಬಿಯ ಸುತ್ತ ಐಸ್ ತುಂಬಿದ. ಆಮೇಲೆ ಬಲು ಗತ್ತಿನಿಂದ ಒಂದು ಹಿಡಿ ಉಪ್ಪು ತೆಗೆದು ಹಾಲಿಗೇ ಸುರಿದ. ಜನ ಚಪ್ಪಾಳೆ ತಟ್ಟಿದರು. ನಾನು ದಡಕ್ಕನೆ ಎದ್ದೆ. ಅಮ್ಮ ಕೈ ಹಿಡಿದೆಳೆದು ಕೂರಿಸಿದಳು.

ಉಪ್ಪು ಬೀಳಬೇಕಾದದ್ದು ಸುತ್ತಲಿನ ಐಸಿಗೆ. ಇಲ್ಲದಿದ್ದರೆ ಒಳಗಿನ ಹಾಲು ಜಪ್ಪಯ್ಯ ಎಂದರೂ ಗಟ್ಟಿಯಾಗುವುದಿಲ್ಲ. ಅಪ್ಪ ತಿರುಗಿಸಿದ, ಬೆವರಿದ, ಮುಚ್ಚಳ ತೆಗೆದು ಇಣುಕಿದ, ಮತ್ತೆ ತಿರುಗಿಸಿದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ್ದರೂ ಈ ಮನುಷ್ಯನಿಗೆ ಗೊತ್ತಿರುತ್ತಿತ್ತಲ್ಲ ಎಂದು ಹಲ್ಲು ಕಡಿದೆ.

ಕೊನೆಗೆ ಅವನು ವೇದಿಕೆಯ ಅಂಚಿಗೆ ಬಂದು ಅಮ್ಮನತ್ತ ಬಗ್ಗಿ ಪಿಸುಗುಟ್ಟಿದ. ಮೈಕು ಅದನ್ನೂ ಇಡೀ ಸಭೆಗೆ ಕೇಳಿಸಿತು.

"ಏನೇ ಇದು, ಗಟ್ಟಿ ಆಗ್ತಾನೇ ಇಲ್ಲ? ಮರ್ಯಾದೆ ಹೋಗ್ತಾ ಇದೆ. ಬಾ, ನೀನೇ ಸ್ವಲ್ಪ ತಿರುಗಿಸು."

ಅಮ್ಮ ಎದ್ದು ನಿಂತಳು. ಬಲಗೈ ಎತ್ತಲು ನೋಡಿದಳು. ಅದು ಎಂದಿನಂತೆ ಎದೆಯ ಮಟ್ಟಕ್ಕೆ ಬಂದು ನಿಂತಿತು.

"ನನ್ನ ಕೈಲಾಗಲ್ಲ ರೀ. ಈ ಭುಜ ಯಾಕೆ ಹಿಂಗಾಯ್ತು ಅಂತ ಇವ್ರಿಗೆಲ್ಲ ನೀವೇ ಹೇಳಿ. ಮೈಕು ನಿಮ್ಮ ಹತ್ರಾನೇ ಇದೆ."