ಕಾಗದ ಕಾಣದ ಬಾಗಿಲು

ವೆಲ್ಕೋ ಯಾರ ಮನೆಯ ಮುಂದಾದರೂ ನಿಂತನೆಂದರೆ ನಮ್ಮೂರಿನಲ್ಲಿ ಆ ಮನೆಯವರ ಎದೆ ಧಸಕ್ಕೆನ್ನುತ್ತಿತ್ತು; ಅವನು ಬರೀ ಬೂಟಿನ ದಾರ ಕಟ್ಟಿಕೊಳ್ಳಲು ನಿಂತಿದ್ದರೂ ಸರಿಯೇ. ಸತ್ತವರ ಭಾವಚಿತ್ರ, ಹೆಸರು, ಅಡಿಯಲ್ಲಿ ದುಃಖತಪ್ತರ ಹೆಸರುಗಳು, ಇಷ್ಟನ್ನು ಅಚ್ಚು ಹಾಕಿಸಿ ಮನೆಯ ಬಾಗಿಲಿಗೂ ಬೀದಿಯ ಮರಗಳಿಗೂ ಅಂಟಿಸುವುದು, ನಲವತ್ತನೆಯ ದಿನಕ್ಕೆ, ವರ್ಷಾಬ್ದಿಕಕ್ಕೆ ಮತ್ತೆ ಹೊಸದನ್ನು ಹಚ್ಚುವುದು ನಮ್ಮಲ್ಲಿಯ ಪದ್ಧತಿ. ಯಾರೂ ಒಪ್ಪಿಸದಿದ್ದರೂ ಆ ಕೆಲಸವನ್ನು ವೆಲ್ಕೋ ತಾನೇ ಮೈಮೇಲೆ ಹಾಕಿಕೊಂಡಿದ್ದ.

ಬೆಟ್ಟದ ರಾಷ್ಟ್ರೀಯ ಉದ್ಯಾನದಲ್ಲಿ ಕಾವಲುಗಾರನಾಗಿದ್ದಾಗ ಕೊಟ್ಟ ಹಸಿರು ಕೋಟು ನಿವೃತ್ತಿಯ ನಂತರವೂ ಅವನ ಮೈ ಬಿಟ್ಟಿರಲಿಲ್ಲ. ಒಣಗಿದ ಹಿಟ್ಟಿನಂಟಿನಿಂದ ಅದರ ಬಲಜೇಬು ಹಲಗೆಯಾಗಿತ್ತು. ಎಡಗಾಲನ್ನು ತುಸು ಎಳೆಯುತ್ತ, ಗೋಡೆಗೆ ಒತ್ತಿಕೊಂಡೇ ನಡೆಯುವನು. ಕಾಗದದ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ, ಕಡೆಗೆ ಚಿತ್ರದ ಮುಖದ ಮೇಲೆ ಒಮ್ಮೆ ಅಂಗೈ ಆಡಿಸುವನು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಮೇಲಿನ ಕೇರಿಯ ಮರದ ಮನೆಗಳನ್ನು ಸರ್ಕಾರ ಸಂರಕ್ಷಿತವೆಂದು ಸಾರಿದ ಮೇಲೆ ಅಧಿಕಾರಿಯೊಬ್ಬ ಬಂದು ಗದರಿದ್ದುಂಟು.

"ಏನಯ್ಯಾ, ಅಜ್ಜನ ಕಾಲದ ಬಾಗಿಲಿಗೆ ಅಂಟು ಬಳೀತಿದೀಯಲ್ಲ!"

"ಬಾಗಿಲು ಹಳೇದೇ ಸ್ವಾಮಿ. ಮುದುಕಿ ನಿನ್ನೆ ಸತ್ತಿದ್ದು."

"ಇನ್ನು ಮೇಲೆ ಅಂಟಿಸಕೂಡದು."

"ನೋಡೋಣ."

ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಎಲ್ಲದಕ್ಕೂ ಅವನದು ಈ ಒಂದೇ ಮಾತು. ಮರುದಿನ ಪಕ್ಕದ ಬಾಗಿಲಿಗೂ ಕಾಗದ ಬಿದ್ದಿತ್ತು.

ಇಡೀ ಕೇರಿಯಲ್ಲಿ ಕಾಗದ ಕಾಣದ ಬಾಗಿಲೆಂದರೆ ಅವನದೇ. ಮಗ ಆಸೆನ್ ಒಂದು ಚಳಿಗಾಲ ಬೆಟ್ಟದ ನೆತ್ತಿಯ ತಂಗುಮನೆಗೆಂದು ಹೊರಟವನು ಹಿಮಕುಸಿತದಲ್ಲಿ ಕಣ್ಮರೆಯಾದ. ಹಿಮ ಕರಗಿತು, ಬೀಚ್ ಮರಗಳು ಚಿಗುರಿದವು; ಉದ್ಯಾನದ ಕೊರಕಲುಗಳನ್ನೆಲ್ಲ ಬಲ್ಲ ತಂದೆಗೆ ಮಗನ ಕೈಗವಸು ಕೂಡ ಸಿಗಲಿಲ್ಲ. ಹೆಂಡತಿ ರಾಯ್ನಾಳ ಬೇಡಿಕೆ ಒಂದೇ: ಮಗನ ಹೆಸರಿನ ಕಾಗದ ಅಂಟಿಸಬೇಕು, ಬೇಯಿಸಿದ ಗೋಧಿ ಹಂಚಬೇಕು, ತಿಂದವರು 'ದೇವರು ಅವನನ್ನು ಕ್ಷಮಿಸಲಿ' ಎನ್ನಬೇಕು. ಹಾಗೆ ಅನ್ನಿಸಿಕೊಳ್ಳದ ಜೀವ ಚಳಿಯಲ್ಲೇ ಅಲೆಯುತ್ತದೆಂಬುದು ಅವಳ ನಂಬಿಕೆ.

"ಊರ ಹೆಣಕ್ಕೆಲ್ಲ ಅಂಟು ಕಲಸ್ತೀಯಾ, ಹೆತ್ತ ಮಗನಿಗೆ ಒಂದು ಕಾಗದ ಇಲ್ವಾ?" ಎಂದು ಅವಳು ಕೂಗುವುದು ಪಕ್ಕದ ಮನೆಗಳಿಗೂ ಕೇಳಿಸುತ್ತಿತ್ತು.

"ನೋಡೋಣ ಕಣೇ."

"ಏನು ನೋಡೋದು? ನಾನು ಸಾಯೋದನ್ನಾ?"

ನಮ್ಮ ಚರ್ಚಿನಲ್ಲಿ ಬದುಕಿರುವವರ ಮೇಣದಬತ್ತಿ ಮೇಲಿನ ತಟ್ಟೆಯಲ್ಲಿ, ಸತ್ತವರದು ಕೆಳಗಿನ ಮರಳಿನಲ್ಲಿ. ಭಾನುವಾರ ಬಂತೆಂದರೆ ರಾಯ್ನಾ ಮಗನ ಬತ್ತಿಯನ್ನು ಮರಳಿನಲ್ಲಿ ನೆಡುವಳು. ಅವಳು ಬೆನ್ನು ತಿರುಗಿಸಿದೊಡನೆ ವೆಲ್ಕೋ ಅದನ್ನು ಕಿತ್ತು ಮೇಲಕ್ಕಿಡುವನು. ಬಿಸಿ ಮೇಣ ಬೆರಳ ಮೇಲೆ ಸುರಿದರೂ ಕೈ ಕೊಡವುತ್ತಿರಲಿಲ್ಲ. ನಾವು ಕಂಡೂ ಕಾಣದವರಂತಿದ್ದೆವು, ನಮಗೂ ಮಕ್ಕಳಿದ್ದರು.

ಕಳೆದ ಶರತ್ಕಾಲದಲ್ಲಿ ರಾಯ್ನಾ ಹಾಸಿಗೆ ಹಿಡಿದಳು. ನೆರೆಯ ಪೆಂಕಾಳ ಕೈ ಬಿಡದೆ, "ಅವನಿಗೆ ಹೇಳೇ, ನನ್ನ ಮಗೂನ ಮಣ್ಣಿಗೆ ಸೇರಿಸಲಿ," ಎಂದಳು. ಬಾಗಿಲಲ್ಲಿ ನಿಂತಿದ್ದ ವೆಲ್ಕೋ 'ನೋಡೋಣ' ಎನ್ನಲಿಲ್ಲ. ಮನಸ್ಸು ಕರಗಿತೆಂದು ನಾವೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು.

ಅವಳು ತೀರಿಕೊಂಡ ಮರುದಿನ ಆ ಬಾಗಿಲಿಗೆ ಮೊದಲ ಕಾಗದ ಬಿತ್ತು. ರಾಯ್ನಾಳ ಚಿತ್ರ, ಅಡಿಯಲ್ಲಿ ದುಃಖತಪ್ತರು: ಗಂಡ ವೆಲ್ಕೋ, ಮಗ ಆಸೆನ್.

ಪೆಂಕಾ ಓದಿ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. "ಅಯ್ಯೋ ವೆಲ್ಕೋ ಅಣ್ಣಾ, ಇದೇನು ಮಾಡಿಬಿಟ್ಟೆ? ಅವಳು ಕೇಳಿದ್ದು ಇದನ್ನಾ?"

"ಅಮ್ಮ ಸತ್ತಾಗ ಮಗನ ಹೆಸರು ಹಾಕದೆ ಇರೋಕಾಗುತ್ತಾ?" ಎಂದು ಅವನು ಮೂಲೆಗಳನ್ನು ಒತ್ತಿದ. ಆಮೇಲೆ ಅಂಗೈ ಆಡಿಸಿದ್ದು ಹೆಂಡತಿಯ ಮುಖದ ಮೇಲಲ್ಲ, ಕಡೆಯ ಸಾಲಿನ ಆ ಹೆಸರಿನ ಮೇಲೆ.

ಊರಿನ ಸಾವುಗಳನ್ನೆಲ್ಲ ಹೊತ್ತು ತಿರುಗುವವರದು ಕಲ್ಲೆದೆಯೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಪರರ ಸಾವನ್ನು ಲೋಕಕ್ಕೆ ಸಾರುತ್ತ ಸಾರುತ್ತ ಇಂಥವರ ಧೈರ್ಯವೆಲ್ಲ ಖರ್ಚಾಗಿ, ಸ್ವಂತದ ಸಾವೊಂದನ್ನು ಒಪ್ಪಿಕೊಳ್ಳುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಅದರ ಬೆಲೆ ತೆರುವವರು ಮಾತ್ರ ಅವರಲ್ಲ, ಅವರ ಮನೆಯಲ್ಲಿ ಅತ್ತು ಸಾಯುವವರು.